ತೀರ್ಪು ಮತ್ತು ತಿದ್ದುಪಡಿ: ಅಮೆರಿಕದ ಕಾಲೇಜು ಫುಟ್‌ಬಾಲಿನ ಕೆಲವು ಪ್ರಸಂಗಗಳು

ಆಟವೆಂಬುದು ನಿಯಮಗಳಿಂದ ಕಟ್ಟಲ್ಪಟ್ಟ ಒಂದು ಪುಟ್ಟ ಲೋಕ. ಆ ಲೋಕದಲ್ಲಿ ತೀರ್ಪುಗಾರನ ಮಾತೇ ಶಾಸನ. ಆದರೆ ತೀರ್ಪುಗಾರನೂ ಮನುಷ್ಯನೇ. ಅವನ ಕಣ್ಣಿಗೆ ಮರೆಯುಂಟು, ಮನಸ್ಸಿಗೆ ಮರೆವುಂಟು. ಅವನು ತಪ್ಪಿದಾಗ ತಿದ್ದುವವರು ಯಾರು? ತಿದ್ದುವ ಅವಕಾಶ ಎಷ್ಟು ಹೊತ್ತಿನವರೆಗೆ ತೆರೆದಿರಬೇಕು? ಪಂದ್ಯ ಮುಗಿದು ಪ್ರೇಕ್ಷಕರು ಮನೆ ಸೇರಿದ ಮೇಲೆ ಸತ್ಯವು ಹೊರಬಿದ್ದರೆ ಅದರ ಗತಿಯೇನು? ಈ ಪ್ರಶ್ನೆಗಳನ್ನು ಅಮೆರಿಕದ ಕಾಲೇಜು ಫುಟ್‌ಬಾಲ್ ಆಟವು ಮತ್ತೆ ಮತ್ತೆ ಎದುರಿಸಿದೆ. ಅದು ಕಂಡುಕೊಂಡ ಉತ್ತರಗಳೂ, ಕಂಡುಕೊಳ್ಳಲಾಗದೆ ಹೋದ ಉತ್ತರಗಳೂ ವಿಚಾರಶೀಲರ ಗಮನಕ್ಕೆ ಅರ್ಹವಾಗಿವೆ.

ಆ ದೇಶದವರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮವರು ಬಲ್ಲ ಕಾಲ್ಚೆಂಡಾಟವಲ್ಲ. 1869ರಲ್ಲಿ ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯದಿಂದ ಅದರ ಚರಿತ್ರೆಯನ್ನು ಎಣಿಸುವುದು ವಾಡಿಕೆ. ಪಕ್ಷಕ್ಕೆ 11 ಮಂದಿ; ನೂರು ಗಜ ಉದ್ದದ ಅಂಕಣ; ಅಂಡಾಕಾರದ ಚೆಂಡು. ಚೆಂಡನ್ನು ಹೊತ್ತು ಓಡಬಹುದು, ಎಸೆಯಬಹುದು. ಚೆಂಡು ಪಡೆದ ಪಕ್ಷಕ್ಕೆ 10 ಗಜ ಮುನ್ನಡೆಯಲು 4 ಯತ್ನಗಳು ದೊರೆಯುತ್ತವೆ. ಒಂದೊಂದು ಯತ್ನಕ್ಕೂ ‘ಡೌನ್’ ಎಂದು ಹೆಸರು. ನಾಲ್ಕರೊಳಗೆ 10 ಗಜ ಸಾಗಿದರೆ ಮತ್ತೆ ನಾಲ್ಕು ಯತ್ನಗಳು. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ಕೊನೆಯ ಗೆರೆಯನ್ನು ಚೆಂಡಿನೊಡನೆ ದಾಟಿದರೆ 6 ಅಂಕ, ಇದೇ ‘ಟಚ್‌ಡೌನ್’. ಎಷ್ಟನೆಯ ಯತ್ನ ನಡೆಯುತ್ತಿದೆ ಎಂಬುದನ್ನು ಅಂಕಣದ ಅಂಚಿನಲ್ಲಿ ಸಂಖ್ಯಾಫಲಕ ಹಿಡಿದವನೊಬ್ಬನು ತೋರಿಸುತ್ತಿರುತ್ತಾನೆ. ಪ್ರತಿಯೊಂದು ಯತ್ನವೂ ಕೆಲವೇ ಕ್ಷಣಗಳದು. ಅಷ್ಟರಲ್ಲಿ 22 ಮಂದಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆ ರಾಶಿಯೊಳಗೆ ಚೆಂಡು ಎಲ್ಲಿದೆ, ಯಾರ ಮೊಣಕಾಲು ನೆಲಕ್ಕೆ ತಾಗಿತು, ಯಾರ ಪಾದ ಗೆರೆ ದಾಟಿತು ಎಂಬುದನ್ನು ಏಳೆಂಟು ಮಂದಿ ತೀರ್ಪುಗಾರರು ನಿರ್ಣಯಿಸಬೇಕು.

ಇಂತಹ ಆಟದಲ್ಲಿ ಸಂಭವಿಸುವ ತಪ್ಪುಗಳನ್ನು ಮೂರು ವಿಧವಾಗಿ ವಿಂಗಡಿಸಬಹುದು. ಕಂಡದ್ದನ್ನು ಬೇರೊಂದಾಗಿ ಗ್ರಹಿಸುವುದು ದೃಷ್ಟಿದೋಷ. ಎಣಿಕೆಯನ್ನು ಮರೆಯುವುದು ಸ್ಮೃತಿದೋಷ. ಸರಿಯಾಗಿ ಕಂಡೂ ನಿಯಮವನ್ನು ತಪ್ಪಾಗಿ ಅನ್ವಯಿಸುವುದು ಶಾಸ್ತ್ರಜ್ಞಾನದ ಲೋಪ.

ಸ್ಮೃತಿದೋಷಕ್ಕೆ ಪ್ರಸಿದ್ಧ ನಿದರ್ಶನ 1940ರ ನವೆಂಬರ್ 16ರಂದು ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರಿನಲ್ಲಿ ನಡೆದ ಪಂದ್ಯ. ಸತತ 18 ಪಂದ್ಯಗಳಲ್ಲಿ ಸೋಲರಿಯದ ಕಾರ್ನೆಲ್ ವಿಶ್ವವಿದ್ಯಾನಿಲಯದ ತಂಡ ಒಂದೆಡೆ, ಡಾರ್ಟ್‌ಮತ್ ಕಾಲೇಜಿನ ತಂಡ ಇನ್ನೊಂದೆಡೆ. ಕೊನೆಯ ಕ್ಷಣಗಳವರೆಗೂ ಡಾರ್ಟ್‌ಮತ್ 3-0 ಅಂಕಗಳಿಂದ ಮುಂದಿತ್ತು. ಕಾರ್ನೆಲ್ಲಿನ ನಾಲ್ಕು ಯತ್ನಗಳೂ ವಿಫಲವಾದವು. ಆದರೆ ನಡುವೆ ವಿಧಿಸಿದ ಒಂದು ದಂಡದ ಗೊಂದಲದಲ್ಲಿ ತೀರ್ಪುಗಾರ ರೆಡ್ ಫ್ರೀಸೆಲ್ ಎಣಿಕೆ ತಪ್ಪಿ ಐದನೆಯ ಯತ್ನಕ್ಕೆ ಅವಕಾಶವಿತ್ತನು. ಆ ಯತ್ನದಲ್ಲಿ ಕಾರ್ನೆಲ್ ಟಚ್‌ಡೌನ್ ಗಳಿಸಿ 7-3ರಿಂದ ಗೆದ್ದಿತು.

ಪಂದ್ಯದ ಚಲನಚಿತ್ರವನ್ನು ಕಾರ್ನೆಲ್ಲಿನವರು ತಾವೇ ಪರಿಶೀಲಿಸಿದರು. ಐದನೆಯ ಯತ್ನ ಸ್ಪಷ್ಟವಾಗಿ ಕಂಡಿತು. ಅಲ್ಲಿನ ಅಧ್ಯಕ್ಷ ಎಡ್ಮಂಡ್ ಎಜ್ರಾ ಡೇ ಮತ್ತು ತರಬೇತುದಾರ ಕಾರ್ಲ್ ಸ್ನೇವ್ಲಿ ಆ ಜಯದ ಮೇಲಣ ಹಕ್ಕನ್ನು ಬಿಟ್ಟುಕೊಡಲು ಸಮ್ಮತಿಸಿದರು. ಡಾರ್ಟ್‌ಮತ್ತಿಗೆ ತಂತಿ ಹೋಯಿತು. ಡಾರ್ಟ್‌ಮತ್ ಅದನ್ನು ಸ್ವೀಕರಿಸಿತು. ಫ್ರೀಸೆಲ್ಲನೂ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡನು. ದಾಖಲೆಯ ಪುಸ್ತಕದಲ್ಲಿ ಆ ಪಂದ್ಯದ ಫಲಿತಾಂಶ ಡಾರ್ಟ್‌ಮತ್ 3, ಕಾರ್ನೆಲ್ 0 ಎಂದೇ ಇದೆ.

ಅರ್ಧ ಶತಮಾನದ ಬಳಿಕ ಅದೇ ತಪ್ಪು ಮರುಕಳಿಸಿತು. 1990ರ ಅಕ್ಟೋಬರ್ 6ರಂದು ಮಿಸ್ಸೂರಿ ವಿಶ್ವವಿದ್ಯಾನಿಲಯದ ತಂಡವು ತನ್ನ ಅಂಕಣದಲ್ಲಿ ಕೊಲರಾಡೊ ವಿರುದ್ಧ 31-27ರಿಂದ ಮುಂದಿದ್ದಾಗ, ಸಂಖ್ಯಾಫಲಕ ಹಿಡಿದವರು ಎರಡನೆಯ ಯತ್ನದ ಬಳಿಕ ಅಂಕಿಯನ್ನು ಬದಲಿಸಲಿಲ್ಲ, ತೀರ್ಪುಗಾರರೂ ಗಮನಿಸಲಿಲ್ಲ. ಹೀಗೆ ದೊರೆತ ಐದನೆಯ ಯತ್ನದಲ್ಲಿ ಕೊಲರಾಡೊ ಗೆರೆ ದಾಟಿ 33-31ರಿಂದ ಗೆದ್ದಿತು. ಮಿಸ್ಸೂರಿಯ ಮನವಿ ಫಲಿಸಲಿಲ್ಲ. ‘ಬಿಗ್ ಎಯ್ಟ್’ ಒಕ್ಕೂಟವು ತೀರ್ಪುಗಾರರನ್ನು ಅಮಾನತಿನಲ್ಲಿಟ್ಟಿತಾದರೂ ಫಲಿತಾಂಶವನ್ನು ಮುಟ್ಟಲಿಲ್ಲ. ಕೊಲರಾಡೊದ ತರಬೇತುದಾರ ಬಿಲ್ ಮೆಕಾರ್ಟ್ನಿ ಜಯವನ್ನು ಬಿಟ್ಟುಕೊಡಲೂ ಇಲ್ಲ. ಆ ವರ್ಷದ ರಾಷ್ಟ್ರೀಯ ಅಗ್ರಪಟ್ಟವನ್ನು ಪತ್ರಕರ್ತರ ಮತದಾನವು ಕೊಲರಾಡೊಗೂ ತರಬೇತುದಾರರ ಮತದಾನವು ಜಾರ್ಜಿಯ ಟೆಕ್‌ಗೂ ನೀಡಿತು.

ಇಲ್ಲಿ ಕೊಲರಾಡೊವನ್ನು ಸುಲಭವಾಗಿ ದೂಷಿಸುವ ಮುನ್ನ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಿಜವಾದ ನಾಲ್ಕನೆಯ ಯತ್ನದಲ್ಲಿ ಅದರ ಆಟಗಾರನು ಗಡಿಯಾರವನ್ನು ನಿಲ್ಲಿಸಲೆಂದು ಚೆಂಡನ್ನು ಬೇಕೆಂದೇ ನೆಲಕ್ಕೆ ಎಸೆದಿದ್ದನು. ಫಲಕವು ಮೂರು ಎಂದು ತೋರಿಸುತ್ತಿದ್ದುದರಿಂದ ಇನ್ನೊಂದು ಯತ್ನ ಉಳಿದಿದೆಯೆಂಬ ನಂಬಿಕೆ ಅದಕ್ಕೆ ಕಾರಣ. ಫಲಕ ಸರಿಯಾಗಿದ್ದರೆ ಅವನು ಹಾಗೆ ಮಾಡುತ್ತಿರಲಿಲ್ಲ. ಒಂದು ತಪ್ಪು ನಡೆದೊಡನೆ ಅದರ ಮುಂದಿನ ಎಲ್ಲ ನಿರ್ಧಾರಗಳೂ ಬದಲಾಗುತ್ತವೆ. ತಪ್ಪನ್ನು ಮಾತ್ರ ಕಳೆದು ಉಳಿದುದನ್ನು ಇದ್ದಂತೆ ಇರಿಸಿಕೊಳ್ಳುವುದು ಸಾಧ್ಯವಾಗುವುದಿಲ್ಲ. ಪಂದ್ಯ ಮುಗಿದ ಮೇಲೆ ಫಲಿತಾಂಶವನ್ನು ತಿದ್ದಬಾರದೆಂಬ ವಾದಕ್ಕೆ ಇದು ಬಲವಾದ ಆಧಾರ. ತೀರ್ಪುಗಾರನು ಪಂದ್ಯ ಮುಗಿಯಿತೆಂದು ಘೋಷಿಸಿದೊಡನೆ ಅಂಕಗಳು ಅಂತಿಮವೆಂದು ಆಟದ ನಿಯಮವೂ ಹೇಳುತ್ತದೆ.

ಹಾಗಾದರೆ ಪಂದ್ಯ ನಡೆಯುತ್ತಿರುವಾಗಲೇ ತಿದ್ದಬೇಕು. ಈ ಉದ್ದೇಶದಿಂದ ‘ಬಿಗ್ ಟೆನ್’ ಒಕ್ಕೂಟವು 2004ರಲ್ಲಿ ದೂರದರ್ಶನ ಚಿತ್ರಗಳ ಮರುವೀಕ್ಷಣೆಯನ್ನು ಪ್ರಯೋಗಾರ್ಥವಾಗಿ ಆರಂಭಿಸಿತು. ಮರುವರ್ಷ ಇತರ ಒಕ್ಕೂಟಗಳು ಅನುಸರಿಸಿದವು. 2006ರಲ್ಲಿ ಅದಕ್ಕೆ ಏಕರೂಪದ ನಿಯಮ ಬಂದಿತು. ಕ್ರಿಕೆಟ್ ಪ್ರಿಯರು ಬಲ್ಲ ಮೂರನೆಯ ಅಂಪೈರನ ಸಂಬಂಧಿಯೇ ಇದು. ಇದರ ತಿರುಳು ಒಂದೇ ವಾಕ್ಯದಲ್ಲಿದೆ: ಅಂಕಣದ ತೀರ್ಪು ಸರಿಯೆಂದೇ ಮೊದಲು ಭಾವಿಸತಕ್ಕದ್ದು, ಅದು ತಪ್ಪೆಂದು ಚಿತ್ರಗಳು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿದರೆ ಮಾತ್ರ ಬದಲಿಸತಕ್ಕದ್ದು. ಆದುದರಿಂದ ಮರುವೀಕ್ಷಣೆಯ ಫಲ ಮೂರು ಬಗೆ. ತೀರ್ಪು ಸರಿಯೆಂದು ದೃಢಪಡಬಹುದು, ತಪ್ಪೆಂದು ಬಿದ್ದುಹೋಗಬಹುದು, ಅಥವಾ ಎರಡೂ ಸಿದ್ಧಿಸದೆ, ಹೇಳಿದ ಕಾರಣಕ್ಕಾಗಿಯೇ ನಿಲ್ಲಬಹುದು. ವಿವಾದದ ಬಹುಪಾಲು ಹುಟ್ಟುವುದು ಈ ಮೂರನೆಯ ಬಗೆಯಲ್ಲಿ. ‘ಸರಿ’ ಎಂಬುದಕ್ಕೂ ‘ತಪ್ಪೆಂದು ಸಿದ್ಧವಾಗಿಲ್ಲ’ ಎಂಬುದಕ್ಕೂ ಇರುವ ಅಂತರವು ತರ್ಕಶಾಸ್ತ್ರ ಓದಿದವರಿಗೆ ಸ್ಪಷ್ಟ. ಸೋತ ಪಕ್ಷದ ಅಭಿಮಾನಿಗೆ ಅದು ಸುಲಭವಾಗಿ ರುಚಿಸುವಂಥದಲ್ಲ.

ಯಂತ್ರ ಬಂದ ಮೇಲೆ ದೋಷ ಮಾಯವಾಯಿತೆ? ಏಕರೂಪದ ನಿಯಮ ಬಂದ ವರ್ಷವೇ, 2006ರ ಸೆಪ್ಟೆಂಬರ್ 16ರಂದು, ಆರೆಗಾನ್ ಸಂಸ್ಥಾನದ ಯೂಜೀನಿನಲ್ಲಿ ಇದಕ್ಕೆ ಉತ್ತರ ದೊರೆಯಿತು. ಓಕ್ಲಹೋಮ ತಂಡವು ಕೊನೆಯ ಹಂತದಲ್ಲಿ 33-27ರಿಂದ ಮುಂದಿತ್ತು. ಆರೆಗಾನ್ ಗಿಡ್ಡವಾಗಿ ಒದ್ದ ಚೆಂಡು ನಿಯಮದಂತೆ 10 ಗಜ ಸಾಗುವ ಮುನ್ನವೇ ಆರೆಗಾನಿನ ಆಟಗಾರನಿಗೆ ತಾಗಿತು. ಚೆಂಡು ಕೊನೆಗೆ ಸಿಕ್ಕಿದ್ದು ಓಕ್ಲಹೋಮದವನ ಕೈಗೆ. ಆದರೂ ತೀರ್ಪು ಆರೆಗಾನಿನ ಪರವಾಯಿತು. ಮರುವೀಕ್ಷಣೆಯೂ ಅದನ್ನೇ ಉಳಿಸಿತು. ಆರೆಗಾನ್ 34-33ರಿಂದ ಗೆದ್ದಿತು. ‘ಪೆಸಿಫಿಕ್ ಟೆನ್’ ಒಕ್ಕೂಟವು ತಪ್ಪನ್ನೊಪ್ಪಿ, ಸಂಬಂಧಪಟ್ಟವರನ್ನು ಒಂದು ಪಂದ್ಯದ ಮಟ್ಟಿಗೆ ಅಮಾನತುಗೊಳಿಸಿತು. ಪಂದ್ಯವನ್ನೇ ದಾಖಲೆಯಿಂದ ತೆಗೆಯಬೇಕೆಂದು ಓಕ್ಲಹೋಮ ವಿಶ್ವವಿದ್ಯಾನಿಲಯದ ಅಧ್ಯಕ್ಷ ಡೇವಿಡ್ ಬೋರೆನ್ ಕೇಳಿದ್ದು ನಡೆಯಲಿಲ್ಲ. ಶೋಚನೀಯ ಸಂಗತಿಯೆಂದರೆ, ಮರುವೀಕ್ಷಣೆ ನಡೆಸಿದವನಿಗೆ ಪ್ರಾಣಬೆದರಿಕೆಗಳು ಬಂದವು.

2015ರ ಅಕ್ಟೋಬರ್ 31ರಂದು ಡರ್ಹಮಿನಲ್ಲಿ ಡ್ಯೂಕ್ ವಿರುದ್ಧ ಮಯಾಮಿಯ ಆಟಗಾರರು ಕೊನೆಯ ಒದೆತದ ಚೆಂಡನ್ನು ಎಂಟು ಬಾರಿ ಕೈಯಿಂದ ಕೈಗೆ ದಾಟಿಸಿ 30-27ರಿಂದ ಗೆದ್ದರು. ನಡುವೆ ಚೆಂಡು ಹಿಡಿದವನೊಬ್ಬನ ಮೊಣಕಾಲು ನೆಲ ಮುಟ್ಟಿತ್ತು. ಸುಮಾರು ಒಂಬತ್ತು ನಿಮಿಷ ಚಿತ್ರ ನೋಡಿದರೂ ಅದನ್ನು ತಿದ್ದಲಿಲ್ಲ. ಒಕ್ಕೂಟವು ತೀರ್ಪುಗಾರರನ್ನು ಎರಡು ಪಂದ್ಯಗಳಿಂದ ದೂರವಿಟ್ಟಿತು, ಫಲಿತಾಂಶ ಉಳಿಯಿತು. 2016ರ ಸೆಪ್ಟೆಂಬರ್ 10ರ ಪ್ರಸಂಗ ಶಾಸ್ತ್ರಜ್ಞಾನದ ಲೋಪದ್ದು. ಓಕ್ಲಹೋಮ ಸ್ಟೇಟ್ ತಂಡ 27-24ರಿಂದ ಮುಂದಿದ್ದು, ಕಾಲ ಮುಗಿಯುವಾಗ ಅದರ ಆಟಗಾರನು ಚೆಂಡನ್ನು ವೃಥಾ ಎಸೆದು ಅಪರಾಧ ಮಾಡಿದನು. ಅಂತಹ ಅಪರಾಧಕ್ಕಾಗಿ ಆಟವನ್ನು ಮುಂದುವರಿಸುವಂತಿಲ್ಲವೆಂದು ನಿಯಮವಿದೆ. ತೀರ್ಪುಗಾರರು ಎದುರಾಳಿ ಸೆಂಟ್ರಲ್ ಮಿಷಿಗನ್‌ಗೆ ಇನ್ನೊಂದು ಯತ್ನವನ್ನು ಕೊಟ್ಟರು. ಆ ಯತ್ನದಲ್ಲಿ ಅದು 30-27ರಿಂದ ಗೆದ್ದಿತು. ಮರುವೀಕ್ಷಣೆಯ ಕೊಠಡಿಯಲ್ಲಿದ್ದವರೂ ಎಚ್ಚರಿಸಲಿಲ್ಲ.

ಈ ಪ್ರಸಂಗಗಳಿಂದ ವಿಶದವಾಗುವುದೇನೆಂದರೆ, ಯಂತ್ರವು ಪ್ರಮಾಣವನ್ನು ಒದಗಿಸಬಲ್ಲುದೇ ಹೊರತು ನಿರ್ಣಯವನ್ನಲ್ಲ. ನಿರ್ಣಯಿಸುವವನು ಅಂದಿಗೂ ಇಂದಿಗೂ ಮನುಷ್ಯನೇ. ಮರುವೀಕ್ಷಣೆಯಿಂದ ಎಷ್ಟೋ ತಪ್ಪುಗಳು ತಿದ್ದಲ್ಪಟ್ಟಿವೆ, ಅದು ಬೇಕು; ಆದರೆ ಅದರ ಬಾಗಿಲು ಪಂದ್ಯದೊಡನೆ ಮುಚ್ಚುತ್ತದೆ. ಮುಚ್ಚಬೇಕಾದದ್ದೂ ಹೌದು, ಎಂದಿಗೂ ಮುಗಿಯದ ವ್ಯಾಜ್ಯದಲ್ಲಿ ಯಾರಿಗೂ ನ್ಯಾಯ ದೊರೆಯದು. ಉತ್ತರಪತ್ರಿಕೆಗಳನ್ನು ತಿದ್ದಿ, ಮರುಎಣಿಕೆಯ ಅರ್ಜಿಗಳನ್ನು ಕಂಡ ಅಧ್ಯಾಪಕರಿಗೆ ಈ ಮಾತು ಹೊಸದಲ್ಲ.

ಆದರೆ ನಿಯಮದ ಬಾಗಿಲು ಮುಚ್ಚಿದ ಬಳಿಕವೂ ಇನ್ನೊಂದು ದಾರಿ ತೆರೆದಿರುತ್ತದೆ. ಆ ದಾರಿಯಲ್ಲಿ ನಡೆಯಬಲ್ಲವನು ಸೋತವನಲ್ಲ, ತೀರ್ಪುಗಾರನಲ್ಲ, ಒಕ್ಕೂಟವೂ ಅಲ್ಲ. ತಪ್ಪಿನಿಂದ ಲಾಭ ಪಡೆದವನೊಬ್ಬನೇ. ಅವನನ್ನು ಒತ್ತಾಯಿಸುವ ನಿಯಮವಿಲ್ಲ. 1940ರಲ್ಲಿ ಕಾರ್ನೆಲ್ಲಿನವರ ಮುಂದೆ ಮರುವೀಕ್ಷಣೆಯ ಕೊಠಡಿಯಿರಲಿಲ್ಲ, ಕೇಳುವ ನ್ಯಾಯಾಲಯವಿರಲಿಲ್ಲ; ಇದ್ದದ್ದು ಒಂದು ಸುರುಳಿ ಚಿತ್ರ, ಮತ್ತು ತಮಗೇ ಪ್ರತಿಕೂಲವಾದ ಆ ಚಿತ್ರವನ್ನು ನೋಡಿದ ಮೇಲೆ ಅದನ್ನು ನಂಬುವ ಮನಸ್ಸು.