ಬಾಳುವ ತುಟಿಬಣ್ಣ, ಕಾಯುವ ರಸೀದಿ

ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಪಂಚನಹಳ್ಳಿಯಂತಹ ಊರುಗಳಲ್ಲಿ ಬಳೆ, ಕುಂಕುಮ ಮಾರುವ ಫ್ಯಾನ್ಸಿ ಅಂಗಡಿಗಳೇ ಲಿಪ್‌ಸ್ಟಿಕ್ಕನ್ನೂ ಮಾರುತ್ತವೆ. ಮದುವೆಯ ದಿನಗಳಲ್ಲಿ ಗ್ರಾಹಕರು ಕೇಳುವುದು ಬೆಳಗಿನಿಂದ ಸಂಜೆಯವರೆಗೆ ಅಳಿಸದ ಬಣ್ಣವನ್ನು. ಅದನ್ನು ಆರಿಸುವಾಗ ವರ್ತಕರು ಮೂರು ಅಂಶಗಳನ್ನು ಪರಿಶೀಲಿಸುವುದು ಅಗತ್ಯ.

ಗುಣ

ಸಾಮಾನ್ಯ ಲಿಪ್‌ಸ್ಟಿಕ್ ಮೇಣ ಮತ್ತು ಎಣ್ಣೆಗಳ ಮಿಶ್ರಣ. ತುಟಿಗೆ ಹಿತ, ಆದರೆ ಲೋಟಕ್ಕೆ ಅಂಟುತ್ತದೆ. ದೀರ್ಘ ಬಾಳಿಕೆಯ ದ್ರವರೂಪದ ಬಗೆಗಳಲ್ಲಿ ಬೇಗನೆ ಆವಿಯಾಗುವ ದ್ರಾವಕವೂ ಪದರ ಕಟ್ಟುವ ರಾಳವೂ ಇರುತ್ತವೆ. ದ್ರಾವಕ ಆರಿದೊಡನೆ ಬಣ್ಣವು ತೆಳು ಪದರವಾಗಿ ನಿಲ್ಲುತ್ತದೆ. ಈ ಪದರ ನೀರನ್ನು ತಡೆದರೂ ಎಣ್ಣೆಗೆ ಸಡಿಲಗೊಳ್ಳುತ್ತದೆ. ಆದುದರಿಂದ ಕಾಫಿಗೆ ಜಗ್ಗದ ಬಣ್ಣ ಬೋಂಡಕ್ಕೆ ಸೋಲಬಹುದು. ಅದನ್ನು ತೆಗೆಯಲು ಕೊಬ್ಬರಿ ಎಣ್ಣೆಯೇ ಸಾಕಾಗುವುದುಂಟು. ತುಟಿ ಒಣಗುವುದು ಇದರ ಕೊರತೆ.

ಹಸ್ತದ ಹಿಂಬದಿಗೆ ಹಚ್ಚಿ, ಕೆಲವು ನಿಮಿಷ ಆರಲು ಬಿಟ್ಟು, ಬಿಳಿ ಬಟ್ಟೆಯಿಂದ ಒತ್ತಿ ನೋಡುವುದು ಸುಲಭವಾದ ಪರೀಕ್ಷೆ. ಒಂದೇ ಮಾದರಿಯನ್ನು ಹಲವರ ತುಟಿಗೆ ಹಚ್ಚಲು ಬಿಡಬಾರದು.

ಲೇಬಲ್

ತುಟಿಯ ಬಣ್ಣದಲ್ಲಿ ಅಲ್ಪಾಂಶ ಹೊಟ್ಟೆಗೂ ಸೇರುತ್ತದೆ. 2020ರ ಪ್ರಸಾಧನ ಸಾಮಗ್ರಿ ನಿಯಮಗಳ ಪ್ರಕಾರ, ಬಳಸುವ ಕೃತಕ ಸಾವಯವ ವರ್ಣದ್ರವ್ಯದಲ್ಲಿ ಸೀಸವು ಹತ್ತು ಲಕ್ಷ ಭಾಗಗಳಿಗೆ 20 ಭಾಗಗಳನ್ನೂ, ಆರ್ಸೆನಿಕ್ 2 ಭಾಗಗಳನ್ನೂ ಮೀರುವಂತಿಲ್ಲ. ಅಂಗಡಿಯಲ್ಲಿ ಇದನ್ನು ಅಳೆಯಲಾಗದು. ಆದರೆ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಮತ್ತು ಬಳಕೆಯ ಕೊನೆಯ ದಿನಾಂಕವನ್ನು ಓದಬಹುದು. ವಿದೇಶಿ ಸರಕಾದರೆ ನೋಂದಣಿ ಸಂಖ್ಯೆ ಹಾಗೂ ಆಮದುದಾರರ ವಿಳಾಸವನ್ನು ನೋಡಬೇಕು. ಇವಿಲ್ಲದ ಸರಕು ಎಷ್ಟೇ ಅಗ್ಗವಾದರೂ ಬೇಡ.

ರಸೀದಿ

ಪ್ರಸಾಧನ ಸಾಮಗ್ರಿಗಳ ಚಿಲ್ಲರೆ ಮಾರಾಟಕ್ಕೆ ಔಷಧ ಅಂಗಡಿಯಂತೆ ಪರವಾನಗಿ ಬೇಕಿಲ್ಲ. ಹಾಗೆಂದು ಹೊಣೆ ತಪ್ಪದು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ 27ಎ ಕಲಮಿನಡಿ ನಕಲಿ ಸರಕಿನ ಮಾರಾಟಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಕನಿಷ್ಠ 50,000 ರೂಪಾಯಿ ಅಥವಾ ಜಪ್ತಾದ ಸರಕಿನ ಮೌಲ್ಯದ ಮೂರು ಪಟ್ಟು, ಇವೆರಡರಲ್ಲಿ ಹೆಚ್ಚಿನದು ದಂಡ. ಅಧಿಕೃತ ಮೂಲದಿಂದ ಕೊಂಡಿದ್ದು, ದೋಷವನ್ನು ತಿಳಿಯುವ ಅವಕಾಶವಿರದೆ, ಸರಕನ್ನು ಸರಿಯಾಗಿ ಕಾಪಾಡಿದ್ದನ್ನು ರುಜುವಾತುಪಡಿಸಿದ ವರ್ತಕರಿಗೆ 19ನೇ ಕಲಮು ರಕ್ಷಣೆ ನೀಡುತ್ತದೆ. ಖರೀದಿ ರಸೀದಿಯಿಲ್ಲದೆ ಈ ರುಜುವಾತು ಕಷ್ಟ.

ರಸೀದಿಯಲ್ಲಿ ತೆರಿಗೆಯೂ ಸರಿಯಿರಬೇಕು. ಕುಂಕುಮ, ಬಿಂದಿಗಳಿಗೆ ಜಿಎಸ್‌ಟಿ ಇಲ್ಲ; ಮುಖದ ಪೌಡರಿಗೆ 22-9-2025ರಿಂದ ಶೇ. 5, ಲಿಪ್‌ಸ್ಟಿಕ್‌ಗೆ ಶೇ. 18. ಅವಧಿ ಮೀರಿ ನಾಶಪಡಿಸಿದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ. ಆದ್ದರಿಂದ ಇಪ್ಪತ್ತು ಛಾಯೆಗಳನ್ನು ತುಂಬಿಡುವುದಕ್ಕಿಂತ ಓಡುವ ಐದಾರು ಛಾಯೆಗಳನ್ನು ಸ್ವಲ್ಪ ಸ್ವಲ್ಪವಾಗಿ ತರಿಸುವುದು ಲಾಭಕರ.

ರಸೀದಿ ಕೊಡಲೊಪ್ಪದ ಸಗಟುದಾರರ ರಿಯಾಯಿತಿಯನ್ನು ವರ್ತಕ ಬಂಧುಗಳು ನಿರಾಕರಿಸುವುದೇ ಕ್ಷೇಮ. ಅದರಿಂದ ಅಂಗಡಿಗೂ ಗ್ರಾಹಕರ ಆರೋಗ್ಯಕ್ಕೂ ರಕ್ಷಣೆ ದೊರೆಯುತ್ತದೆ.