ಕಡಲಾಚೆಯ ಕನ್ನಡ ಕೂಟಕ್ಕೆ ಭಾಲ್ಕಿಯ ಪಾಠ

ಹೊರದೇಶದ ಕನ್ನಡ ಕೂಟ ಎಂದೊಡನೆ ಬೀದರ್ ಜಿಲ್ಲೆಯ ಗೋರ್ಟಾ (ಬಿ)ಯಂಥ ಊರಿನವರ ಕಣ್ಣಿಗೆ ಕಟ್ಟುವುದು ರಾಜ್ಯೋತ್ಸವದ ಫೋಟೊ: ಹಳದಿ–ಕೆಂಪು ಶಾಲು, ರೇಷ್ಮೆ ಸೀರೆ, ಬೆಂಗಳೂರಿನಿಂದ ಹೋದ ಗಾಯಕರು. ಆದರೆ ಈ ಕೂಟಗಳು ಬೆಳೆದದ್ದು ಒಂದೆರಡು ದಿನದ ಸಂಭ್ರಮದಿಂದಲ್ಲ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಸಡಿಲಿಸಿತು. ವೈದ್ಯರು, ಎಂಜಿನಿಯರುಗಳು ಕರ್ನಾಟಕದಿಂದ ಅತ್ತ ಹೊರಟರು. ಯಾರದೋ ಮನೆಯಲ್ಲಿ ಯುಗಾದಿಗೆ ಸೇರುತ್ತಿದ್ದ ನಾಲ್ಕಾರು ಕುಟುಂಬಗಳೇ ಮುಂದೆ ಸಂಘ ಕಟ್ಟಿಕೊಂಡವು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರದು, ಬ್ರಿಟನ್ನಿನ ಕನ್ನಡ ಬಳಗ 1983ರದು. ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಹೋದವರಿಂದ ಸದಸ್ಯರ ಸಂಖ್ಯೆ ಏರಿತು. 1998ರಲ್ಲಿ ಅಮೆರಿಕದ ಹಲವು ಕೂಟಗಳು ಸೇರಿ ‘ಅಕ್ಕ’ ಎಂಬ ಒಕ್ಕೂಟ ಕಟ್ಟಿ, 2000ದಲ್ಲಿ ಹ್ಯೂಸ್ಟನ್ನಿನಲ್ಲಿ ತಮ್ಮ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆಸಿದವು. ಬರವಣಿಗೆ, ಓದಿಗೆಂದೇ ಹುಟ್ಟಿದ ಕನ್ನಡ ಸಾಹಿತ್ಯ ರಂಗ 2004ರಿಂದ ಎರಡು ವರ್ಷಕ್ಕೊಮ್ಮೆ ವಸಂತ ಸಾಹಿತ್ಯೋತ್ಸವ ಮಾಡುತ್ತ ಬಂದಿದೆ.

ಇಷ್ಟೆಲ್ಲ ಬೆಳೆದರೂ ಕೂಟದ ಆಯುಸ್ಸು ನಿಂತಿರುವುದು ವಾರದ ಕೊನೆಗೆ ನಡೆಯುವ ಮಕ್ಕಳ ಕನ್ನಡ ತರಗತಿಯ ಮೇಲೆ. ಈ ಮಾತಿಗೆ ಸಾಕ್ಷಿ ಬೀದರ್ ಜಿಲ್ಲೆಯಲ್ಲೇ ಇದೆ. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ, ಶಾಲೆಯ ಭಾಷೆ ಉರ್ದು. ಆಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಅವರು ಮೆರವಣಿಗೆಯನ್ನು ನಂಬಿ ಕೂರಲಿಲ್ಲ, ಅಕ್ಷರ ತಿದ್ದಿಸಿದರು. 1948ರಲ್ಲಿ ನಿಜಾಮರ ಪರವಾದ ರಜಾಕಾರ ಪಡೆಯವರು ಗೋರ್ಟಾದಲ್ಲಿ ನೆತ್ತರು ಹರಿಸಿದ ಆ ಕರಾಳ ಕಾಲ ಕಳೆದು, 1956ರಲ್ಲಿ ಈ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿದಾಗ ಇಲ್ಲಿ ಕನ್ನಡ ಓದಿ ಬರೆಯಬಲ್ಲ ಒಂದು ತಲೆಮಾರು ಇತ್ತೆಂದರೆ, ಅದರ ಹಿಂದೆ ಇಂಥ ಪಾಠಗಳಿವೆ.

ಅಂದಿನ ಭಾಲ್ಕಿಯದು ದಬ್ಬಾಳಿಕೆಯ ಕಾಲ, ಹೊರದೇಶದ್ದು ಸ್ವಂತ ಇಷ್ಟದಿಂದ ಹೋದವರ ಅನುಕೂಲದ ಬದುಕು, ಹೋಲಿಕೆ ಹೇಗೆ ಎಂದು ಕೇಳಬಹುದು. ಕೇಳುವುದು ನ್ಯಾಯವೇ. ಗೋರ್ಟಾದ ಸಂಕಟವನ್ನು ಕ್ಯಾಲಿಫೋರ್ನಿಯಾದ ಪಕ್ಕದಲ್ಲಿಟ್ಟು ತೂಗಬಾರದು. ಆದರೆ ಮಗುವಿನ ಕಡೆಯಿಂದ ನೋಡಿದರೆ ಪರಿಸ್ಥಿತಿ ಒಂದೇ: ಶಾಲೆಯಲ್ಲಿ ಕನ್ನಡಕ್ಕೆ ಜಾಗವಿಲ್ಲ, ಸರಕಾರದ ಆಸರೆಯೂ ಇಲ್ಲ. ಮೂರನೆಯ ತಲೆಮಾರಿಗೆ ಭಾಷೆ ಹೇಗೂ ಉಳಿಯದು, ಊಟ, ಹಬ್ಬ, ಹಾಡಾದರೂ ಉಳಿಯಲಿ ಎನ್ನುವವರೂ ಇದ್ದಾರೆ. ಹಬ್ಬ ಬೇಡವೆಂದು ಯಾರೂ ಹೇಳುತ್ತಿಲ್ಲ; ತರಗತಿಗೆ ಮಕ್ಕಳು ಬರುವುದೂ ಹಬ್ಬದಲ್ಲಿ ಬೆಳೆದ ಗೆಳೆತನದಿಂದಲೇ. ಆದರೆ 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತಲ್ಲ, ಲ್ಯಾಂಬೆತ್‌ನ ಮಾಜಿ ಮೇಯರ್, ಕಲಬುರಗಿ ಮೂಲದ ನೀರಜ್ ಪಾಟೀಲರ ಆ ಶ್ರಮ ನಮಗೆಲ್ಲ ಹೆಮ್ಮೆಯದು. ಆ ಪ್ರತಿಮೆಯ ಮುಂದೆ ನಿಂತ ಹುಡುಗಿಗೆ ವಚನವನ್ನು ಕನ್ನಡದಲ್ಲೇ ಓದಲು ಬಂದರೆ ಬಸವಣ್ಣ ಅವಳೊಂದಿಗೆ ಮಾತಾಡುತ್ತಾರೆ. ಬಾರದಿದ್ದರೆ ಕಂಚಿನ ವಿಗ್ರಹವಷ್ಟೇ. ಈ ಓದನ್ನು ಅವಳಿಗೆ ಕೊಡಬಲ್ಲದ್ದು ತರಗತಿ ಮಾತ್ರ.

ಕೂಟಗಳಲ್ಲಿ ಒಡಕು, ಜಾತಿಯ ಗುಂಪು ಇಲ್ಲವೆಂದಲ್ಲ. ಒಕ್ಕೂಟ ಒಡೆದರೂ ತರಗತಿ ನಿಲ್ಲದಿದ್ದರೆ ನಷ್ಟ ಕಡಿಮೆ. ಸಂಬಳವಿಲ್ಲದೆ ಕಲಿಸುವ ತಾಯಂದಿರು, ನಿವೃತ್ತರು ಇಲ್ಲದ ಕೂಟಕ್ಕೆ ಮಾತ್ರ ಯಾವ ಸಮ್ಮೇಳನವೂ ಬಲ ತುಂಬಲಾರದು. ಇದು ಕಡಲಾಚೆಯವರಿಗಷ್ಟೇ ಹೇಳುವ ಮಾತಲ್ಲ: ನಮ್ಮ ಬಸವಕಲ್ಯಾಣ, ಹುಮನಾಬಾದಿನಿಂದ ಕಡಲು ದಾಟಿದವರಿಗಿಂತ ಹೈದರಾಬಾದ್, ಪುಣೆ, ಮುಂಬೈಗೆ ಹೋದವರೇ ಹೆಚ್ಚು. ಅವರ ಮಕ್ಕಳು ತೆಲುಗು, ಮರಾಠಿ, ಇಂಗ್ಲಿಷಿನ ನಡುವೆ ಬೆಳೆಯುತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ನಡೆಯುವ ಭಾನುವಾರದ ತರಗತಿ ಆ ಊರುಗಳ ನಮ್ಮ ಬಡಾವಣೆಗಳಲ್ಲೂ ಶುರುವಾಗಬೇಕು. ಅದಕ್ಕೆ ಬೇಕಾದದ್ದು ಒಂದು ಕೋಣೆ, ಕೆಲವು ಪುಸ್ತಕ, ವಾರಕ್ಕೆರಡು ಗಂಟೆ ಬಿಡುವು ಮಾಡಿಕೊಳ್ಳುವ ಒಬ್ಬ ಮೇಷ್ಟ್ರು.