ಫೋಟೊ ಬೋರ್ಡಿಗೆ ಅಂಟಿಸೋ ಮುಂಚೆ ಇದನ್ನ ಕೇಳ್ರಿ

ಇವತ್ತಿನ ಪ್ರಶ್ನೆ ಇಷ್ಟೇ: ಫೋಟೊನ ಬೋರ್ಡಿಗೆ ಅಂಟಿಸೋಕೆ ಯಾವ ಅಂಟು ಒಳ್ಳೇದು?

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಔರಾದ್‌ನ ನಮ್ಮ ಅಜ್ಜಂದು ಒಂದೇ ಒಂದು ಕಪ್ಪು-ಬಿಳುಪು ಫೋಟೊ ಇತ್ತು. ಪುಣ್ಯತಿಥಿಗೆ ಚಂದ ಕಾಣ್ಲಿ ಅಂತ ಹಾರ್ಡ್‌ಬೋರ್ಡಿಗೆ ಮರಗೆಲಸದ ಬಿಳಿ ಅಂಟು ಬಳಿದು ಅಂಟಿಸಿದೆ. ಮರುದಿನ ಉಬ್ಬಿತ್ತು. ಬಿಡಿಸೋಕೆ ಹೋದ್ರೆ ಮುಖದ ಹತ್ರಾನೇ ಹರೀತು. ನೆಗೆಟಿವ್ ಇರಲಿಲ್ಲ.

ಯಾಕೆ ಹಿಂಗಾಯ್ತು? ಅಂಥ ಹಳೇ ಫೋಟೊ ಅಂದ್ರೆ ಕಾಗದದ ಮೇಲೆ ಜೆಲಾಟಿನ್ ಪದರ. ಬಿಳಿ ಅಂಟಿನಲ್ಲಿ ನೀರಿರುತ್ತೆ. ಕಾಗದ ನೀರು ಕುಡಿದು ಹಿಗ್ಗುತ್ತೆ, ಒಣಗುವಾಗ ಕುಗ್ಗುತ್ತೆ. ಬೋರ್ಡ್ ಅದರ ಜೊತೆ ಅಷ್ಟೇ ಹಿಗ್ಗಿ ಕುಗ್ಗಲ್ಲ. ಅದಕ್ಕೇ ಸುಕ್ಕು. ಈಗಿನ ಸ್ಟುಡಿಯೋ ಪ್ರಿಂಟ್‌ಗಳಲ್ಲಿ ಸಾಮಾನ್ಯವಾಗಿ ಕಾಗದದ ಎರಡೂ ಬದಿ ಪ್ಲಾಸ್ಟಿಕ್ ಪದರ ಇರುತ್ತೆ. ಅದರೊಳಗೆ ನೀರು ಇಳಿಯಲ್ಲ, ಹಾಗಾಗಿ ಬಿಳಿ ಅಂಟು ಒಣಗೋದು ತಡ, ಹಿಡಿತವೂ ಕಮ್ಮಿ.

ಚಪ್ಪಲಿಗೆ ಹಚ್ಚೋ ರಬ್ಬರ್ ಅಂಟು? ಬ್ಯಾಡ್ರಿ. ವರ್ಷ ಕಳೆದಂಗೆ ಹಳದಿ ಕಲೆ ಬಿಡುತ್ತೆ. ಥರ್ಮಾಕೋಲ್ ಮೇಲೆ ಹಚ್ಚಿದ್ರೆ ಅದರ ದ್ರಾವಕ ಥರ್ಮಾಕೋಲನ್ನೇ ಕರಗಿಸುತ್ತೆ. ಮೈದಾ ಅಂಟಿಗೆ ಹುಳ ಬೀಳುತ್ತೆ.

ಹೊಸ ಪ್ರಿಂಟಿಗೆ ಸುಲಭ ದಾರಿ, ಮೊದಲೇ ಗಮ್ ಇರೋ ಸನ್‌ಬೋರ್ಡ್, ಇಲ್ಲಾಂದ್ರೆ ಫೋಟೊದಷ್ಟೇ ಅಗಲದ ಡಬಲ್ ಸೈಡ್ ಗಮ್ ಶೀಟ್. ನಾಲ್ಕು ಮೂಲೆಗೆ ಮಾತ್ರ ಟೇಪ್ ಹಾಕಿದ್ರೆ ನಡುವೆ ಉಬ್ಬುತ್ತೆ. ಮೇಲಿನ ಕಾಗದ 2 ಇಂಚು ಮಾತ್ರ ಬಿಚ್ಚಿ, ಒಂದು ಅಂಚು ಸರಿಯಾಗಿ ಕೂರಿಸಿ. ಆಮೇಲೆ ಸ್ವಲ್ಪ ಸ್ವಲ್ಪ ಬಿಚ್ಚುತ್ತಾ, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆ ಒತ್ತಿ. ಗಾಳಿ ಹೊರಗೆ ಹೋಗುತ್ತೆ. ಮೊದಲು ಬೇಡವಾದ ಪ್ರಿಂಟ್ ಮೇಲೆ ಪರೀಕ್ಷೆ ಮಾಡಿ. ನಮ್ಮ ಬೀದರ್ ಬೇಸಿಗೆ 40 ಡಿಗ್ರಿ ದಾಟುತ್ತೆ, ಬಿಸಿಗೆ ಗಮ್ ಮೆತ್ತಗಾಗುತ್ತೆ. ಬಿಸಿಲು ಬೀಳೋ ಗೋಡೆಗೆ ತೂಗುಹಾಕಬ್ಯಾಡ್ರಿ.

ಹಳೇ ಫೋಟೊಗೆ? ಯಾವ ಅಂಟೂ ಬೇಡ. ಸ್ಕ್ಯಾನ್ ಮಾಡಿಸಿ, ಹೊಸ ಪ್ರಿಂಟ್ ತೆಗೆಸಿ ಅದನ್ನ ಅಂಟಿಸಿ. ಮೂಲ ಫೋಟೊನೇ ಬೋರ್ಡ್ ಮೇಲೆ ಬೇಕಂದ್ರೆ ಕಾಗದದ ಮೂಲೆಗಳನ್ನ ಬೋರ್ಡಿಗೆ ಅಂಟಿಸಿ, ಫೋಟೊನ ಅದರೊಳಗೆ ಸಿಕ್ಕಿಸಿ. ಅಂಟು ಫೋಟೊಗೆ ತಾಗಲ್ಲ, ಬೇಕಾದಾಗ ತೆಗೀಬಹುದು.

ಅಂಟು ಕೈಗೆ ತಗೊಳ್ಳೋ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಹಾಳಾದ್ರೆ ಇನ್ನೊಂದು ಸಿಗುತ್ತಾ? ನಾನು ಕೇಳಿಕೊಂಡಿರಲಿಲ್ಲ. ನಿಮ್ಮನೆ ಹಳೇ ಫೋಟೊಗಳನ್ನ ಈ ವಾರಾನೇ ಸ್ಕ್ಯಾನ್ ಮಾಡಿಸಿಬಿಡ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.